ಅಮ್ಮನ ಮೈಮೇಲಿನ ಅರಿಶಿನ

ಈ ಕತೆಯನ್ನು ನನಗೆ ಮೊದಲು ಹೇಳಿದವರು ನಮ್ಮೂರ ಶಾಲೆಯ ಮರುಳೆಪ್ಪ ಮೇಷ್ಟ್ರು. ಅವರು ಹೇಳಿದಂತೆಯೇ ಬರೆಯುತ್ತೇನೆ.

ಶಿಷ್ಯನೊಬ್ಬ ಕೇಳಿದ: "ಗುರುಗಳೇ, ನಾವು ಕೊಟ್ಟದ್ದನ್ನು ದೇವರು ಏನು ಮಾಡುತ್ತಾರೆ?"

ಗುರುಗಳು ಹೇಳಿದರು:

ಒಬ್ಬ ವರ್ತಕನಿದ್ದ. ಅರಿಶಿನದ ಪುಡಿ ಮಾರುತ್ತಿದ್ದ. ಪುಡಿ ಹೊಳೆಯಲೆಂದು ಅದಕ್ಕೆ ಗೋಡೆಗೆ ಬಳಿಯುವ ಹಳದಿ ಬಣ್ಣ ಬೆರೆಸುತ್ತಿದ್ದ. ಮನೆಗೆ ಮಾತ್ರ ಅರಿಶಿನದ ಕೊಂಬು ತರಿಸಿ ಕುಟ್ಟಿಸುತ್ತಿದ್ದ. ಪ್ರತಿ ಶುಕ್ರವಾರ ಊರಮ್ಮನ ಮೈಗೆ ಹಚ್ಚಲು ಬೊಗಸೆ ಅರಿಶಿನ ಕೊಡುವುದು ಅವನ ನೇಮ. ಅದನ್ನು ಅಂಗಡಿಯ ಚೀಲದಿಂದಲೇ ತೆಗೆಯುತ್ತಿದ್ದ. ಕಲ್ಲಿನ ಮೂರ್ತಿ, ಅದಕ್ಕೇನಾದೀತು ಎಂದುಕೊಂಡಿದ್ದ.

ಊರಿನ ಮಕ್ಕಳು ಹೊಟ್ಟೆನೋವಿನಿಂದ ಮಲಗತೊಡಗಿದರು. ಆಹಾರ ಪರೀಕ್ಷೆಯ ಅಧಿಕಾರಿ ಬಂದು ಅಂಗಡಿಯ ಅರಿಶಿನದ ಮಾದರಿ ಕೇಳಿದ.

"ಸ್ವಾಮಿ, ನನ್ನ ಮೊಮ್ಮಗಳೂ ಅದೇ ನೋವಿನಲ್ಲಿ ಮಲಗಿದ್ದಾಳೆ. ನಮ್ಮ ಮನೆಯಲ್ಲಿ ಅಂಗಡಿಯ ಅರಿಶಿನ ಮುಟ್ಟುವುದೇ ಇಲ್ಲ. ಮತ್ತೆ ಅದರ ಮೇಲೇಕೆ ಅನುಮಾನ?" ಎಂದ ವರ್ತಕ.

"ಯಾಕೆ ಮುಟ್ಟುವುದಿಲ್ಲ, ಸಾಹುಕಾರರೇ?"

"ಬೇಕಾದರೆ ಮನೆಯ ಅರಿಶಿನವನ್ನೇ ಬಂದು ನೋಡಿ," ಎಂದ ವರ್ತಕ.

ಇಬ್ಬರೂ ಮನೆಗೆ ಹೋದರು. ವರ್ತಕನ ಹೆಂಡತಿ ಅಡುಗೆಮನೆಯ ಅರಿಶಿನ ತಂದಳು. ಅಧಿಕಾರಿ ಅದನ್ನು ಲೋಟದ ನೀರಿಗೆ ಹಾಕಿದ. ಪುಡಿ ತಳಕ್ಕಿಳಿಯಿತು, ನೀರು ತೆಳು ಹಳದಿಯಾಗಿ ಉಳಿಯಿತು. ಅದರಲ್ಲಿ ದೋಷವಿರಲಿಲ್ಲ.

"ಮಗುವಿನ ಹೊಟ್ಟೆಗೆ ಬೇರೆ ಅರಿಶಿನವೇನಾದರೂ ಹೋಗಿದೆಯೇ, ತಾಯಿ?"

ಅವಳು ದೇವರ ಗೂಡಿನಿಂದ ಒಂದು ಪುಟ್ಟ ಭರಣಿ ತಂದಳು. "ಇದು ಗುಡಿಯಿಂದ ತಂದ, ಅಮ್ಮನ ಮೈಮೇಲಿನ ಅರಿಶಿನ. ದಿನವೂ ಹಾಲಿಗೆ ಒಂದು ಚಿಟಿಕೆ ಹಾಕಿ ಕುಡಿಸುತ್ತೇನೆ. ನೋವು ಹೆಚ್ಚಾದ ಮೇಲೆ ಎರಡು ಚಿಟಿಕೆ ಹಾಕುತ್ತಿದ್ದೇನೆ."

ಅಧಿಕಾರಿ ಅದನ್ನು ಇನ್ನೊಂದು ಲೋಟಕ್ಕೆ ಹಾಕಿದ. ನೀರೆಲ್ಲ ಕಡು ಹಳದಿಯಾಯಿತು. ಎಷ್ಟು ಹೊತ್ತು ಕಾದರೂ ತಿಳಿಯಾಗಲಿಲ್ಲ.

ಹೆಂಡತಿ ಲೋಟ ನೋಡಿದಳು. ಆಮೇಲೆ ಗಂಡನ ಮುಖ ನೋಡಿದಳು. "ದೇವರಿಗೆ ಕೊಡುವುದಲ್ಲವೇ, ಒಳ್ಳೆಯದನ್ನೇ ಕೊಟ್ಟಿರುತ್ತೀರಿ ಅಂತ ನಾನು..." ಎಂದಳು. ಒಳಗೆ ಮಗು ನರಳುತ್ತಿತ್ತು.

ಗುರುಗಳು ಕತೆ ನಿಲ್ಲಿಸಿದರು. "ಹಾಗಾದರೆ ಅಮ್ಮ ಅವನನ್ನು ಶಿಕ್ಷಿಸಿದಳಲ್ಲವೇ?" ಎಂದ ಶಿಷ್ಯ.

"ಇಲ್ಲಪ್ಪ. ಎಂದಿನಂತೆ, ಅವನು ಕೊಟ್ಟದ್ದನ್ನೇ ಪ್ರಸಾದವೆಂದು ಹಂಚಿದಳು."



ಓದಿದವರು ಇದನ್ನು ಮನೆಯಲ್ಲಿ ಹೇಳಿ. ಅರಿಶಿನ ಕೊಳ್ಳುವ ಅಂಗಡಿಯಲ್ಲೂ ಒಮ್ಮೆ ಹೇಳಿ ಬನ್ನಿ.