ಬಿಳಿ ಗೊರವಂಕದ ಕಣ್ಣಿಗೆ ಕಡಲ ನೀಲಿ

ಲೋಕ ಆಗತಾನೇ ಹುಟ್ಟಿತ್ತು. ಬೆಟ್ಟಗಳು ಮಾತಾಡುತ್ತಿದ್ದವು, ಗಾಳಿ ಕೇಳಿದ್ದಕ್ಕೆಲ್ಲ ಉತ್ತರ ಕೊಡುತ್ತಿತ್ತು, ಹಕ್ಕಿಗಳಂತೂ ಕೇಳದಿದ್ದರೂ ಕೊಡುತ್ತಿದ್ದವು.

ಆಗ ಕಡಲ ನಡುವೆ ಬಾಲಿ ಎಂಬ ಹಸಿರು ದ್ವೀಪವಿತ್ತು. ಈಗಲೂ ಇದೆ, ಎಲ್ಲಿಗೂ ಹೋಗಿಲ್ಲ. ಅಲ್ಲಿನ ಗದ್ದೆಗಳು ಬೆಟ್ಟದ ಮೈಮೇಲೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತವೆ. ಗದ್ದೆಯ ಮೂಲೆಯಲ್ಲಿ ಭತ್ತದ ತಾಯಿ ಶ್ರೀದೇವಿಗೊಂದು ಗುಡಿ, ಮನೆಯಂಗಳದಲ್ಲಿ ಹಿರಿಯರಿಗೊಂದು ಗುಡಿ. ಆ ಊರಲ್ಲಿ ದೇವರಿಗೆ ಜಾಗದ ಚಿಂತೆಯೇ ಇಲ್ಲ.

ಅಲ್ಲಿ ರಸ್ಮಿನಿ ಎಂಬ ಎಳೆಯ ತಾಯಿ ಇದ್ದಳು. ದಿನಾ ಬೆಳಿಗ್ಗೆ ತೆಂಗಿನ ಗರಿಯಲ್ಲಿ ಅಂಗೈಯಗಲದ ತಟ್ಟೆ ಹೆಣೆಯುತ್ತಿದ್ದಳು. ಅದರಲ್ಲಿ ಹೂವಿಟ್ಟು, ಒಂದಿಷ್ಟು ಅನ್ನವಿಟ್ಟು ಅಂಗಳದ ಗುಡಿಯ ಮುಂದೆ ಇಡುತ್ತಿದ್ದಳು. ದೇವರು ಹೂವಿನ ಪರಿಮಳ ತೆಗೆದುಕೊಳ್ಳುತ್ತಿದ್ದ. ಅನ್ನವನ್ನು ಒಂದು ಬಿಳಿ ಗೊರವಂಕ ತೆಗೆದುಕೊಳ್ಳುತ್ತಿತ್ತು. ಮೈಯೆಲ್ಲ ಬಿಳಿ, ಕಣ್ಣ ಸುತ್ತಲೂ ಬಿಳಿ. ರೆಕ್ಕೆಯ ತುದಿ ಮಾತ್ರ ಕಪ್ಪು. ಅದು ಅಡುಗೆಮನೆಗೆ ಇಣುಕುವ ಚಪಲದಿಂದ ಅಂಟಿದ ಮಸಿ.

"ಓಡಿಸೇ ಅದನ್ನ" ಎಂದು ಅತ್ತೆ ಗೊಣಗುತ್ತಿದ್ದಳು.

"ದೇವರ ಊಟ ಮುಗೀತಲ್ಲ ಅತ್ತೆ, ತಿನ್ಲಿ ಬಿಡಿ" ಎನ್ನುತ್ತಿದ್ದಳು ರಸ್ಮಿನಿ.

ಒಂದು ವರ್ಷ, ನಾವು ಬೇವುಬೆಲ್ಲ ತಿನ್ನುವ ಆಸುಪಾಸಿನಲ್ಲಿ, ಬಾಲಿಗೂ ಹೊಸ ವರ್ಷ ಬರುವುದಿತ್ತು. ಅದಕ್ಕಿಂತ ಮೊದಲು ಬಂದದ್ದು ಸುದ್ದಿ: ಹಸಿದ ಭೂತಗಳು ಆಕಾಶದ ದಾರಿಯಲ್ಲಿ ಬರುತ್ತಿವೆ, ಜನರಿರುವ ದ್ವೀಪ ಕಂಡರೆ ಅಲ್ಲೇ ಠಿಕಾಣಿ ಹೂಡುತ್ತವೆ.

ಜನ ಹೆದರಿ ಅಗುಂಗ್ ಬೆಟ್ಟದ ಹತ್ತಿರ ಹೋದರು. ಅಗುಂಗ್ ಎಲ್ಲರಿಗೂ ಅಜ್ಜನಂತಿದ್ದ ಬೆಟ್ಟ.

"ಒಂದು ದಿನ ಒಲೆ ಹಚ್ಚಬೇಡಿ, ದೀಪ ಹಚ್ಚಬೇಡಿ. ಕೆಲಸ ಬೇಡ, ದಾರಿಗೆ ಇಳಿಯೋದು ಬೇಡ, ಮಾತೂ ಬೇಡ" ಎಂದಿತು ಬೆಟ್ಟ. "ದ್ವೀಪ ಖಾಲಿ ಅಂದ್ಕೊಂಡು ಭೂತಗಳು ಮುಂದೆ ಹೋಗ್ಲಿ."

ಎಲ್ಲರಿಗೂ ಹೇಳಿದ್ದಾಯಿತು. ನಾಯಿಗೆ ಹೇಳಿದರು, ಕೋಳಿಗೆ ಹೇಳಿದರು. ಗದ್ದೆಯ ಮೆಟ್ಟಿಲಿಳಿಯುವ ನೀರಿಗೆ ಮೆಲ್ಲಗೆ ಇಳಿಯಲು ಹೇಳಿದರು. ತೆಂಗಿನಕಾಯಿಗೆ ಸಹ ಅದೊಂದು ದಿನ ಬೀಳಬೇಡ ಮಾರಾಯ ಎಂದರು. ರಸ್ಮಿನಿಯ ಕೂಸು ಪುತುವಿಗೆ ಹೇಳುವುದನ್ನು ಮಾತ್ರ ಮರೆತರು. ಹೇಳಿದ್ದರೂ ಅವನೇನು ಕೇಳುತ್ತಿದ್ದನೇ!

ಆ ದಿನ ಬಂತು. ಇಡೀ ದ್ವೀಪ ಬಾಯಿ ಮುಚ್ಚಿ ಕೂತಿತು. ಮಧ್ಯಾಹ್ನ ತಲೆಯ ಮೇಲೆ ಭೂತಗಳ ಸಾಲು ಹಾದುಹೋಗತೊಡಗಿತು. ಅಂಗಳಗಳ ಮೇಲೆ ಅವುಗಳ ದೊಡ್ಡ ದೊಡ್ಡ ನೆರಳು.

ಆಗಲೇ ಪುತು ತುಟಿ ಸೊಟ್ಟ ಮಾಡಿದ.

ರಸ್ಮಿನಿ ಎದೆಹಾಲು ಕೊಟ್ಟಳು, ಬೇಡ ಎಂದ. ಜೋಗುಳ ಹಾಡುವಂತಿಲ್ಲ. ನೆಲದ ಮೇಲೆ ಬಿಡೋಣವೆಂದರೆ, ಎಳೆಗೂಸು ಇನ್ನೂ ದೇವರ ಮನೆಯದು, ಅದರ ಪಾದ ಮಣ್ಣಿಗೆ ತಾಗಬಾರದು ಎನ್ನುವ ಊರು ಅದು. ಅವನ ಬಾಯಿಯ ಮೇಲೆ ಅಂಗೈ ಇಡಲು ಹೋದಳು. ಅಷ್ಟು ಪುಟ್ಟ ಬಾಯಿ. ಅವಳ ಕೈ ಮುಂದೆ ಹೋಗಲಿಲ್ಲ. ಪುತು ಹೋ ಎಂದು ಅತ್ತ.

ಸಾಲಿನ ಕೊನೆಯ ಭೂತ ಗಕ್ಕನೆ ನಿಂತಿತು.

"ಕೂಸಿನ ಅಳು! ಯಾರೋ ಇದ್ದಾರೆ ಇಲ್ಲಿ!"

ಭೂತ ಅಂಗಳಕ್ಕೆ ಇಳಿಯಿತು. ಒಳಗೆ ಅತ್ತೆ ಸೊಸೆಯನ್ನು ಅವಚಿ ಹಿಡಿದಳು, ಸೊಸೆ ಕೂಸನ್ನು ಅವಚಿ ಹಿಡಿದಳು.

ಅಷ್ಟರಲ್ಲಿ ಗುಡಿಯ ಹುಲ್ಲಿನ ಮಾಡಿನಿಂದ ಇನ್ನೊಂದು ಅಳು ಕೇಳಿಸಿತು. ಥೇಟ್ ಪುತುವಿನದೇ ದನಿ! ತನ್ನ ಅಳು ಅಲ್ಲಿಗೆ ಹೇಗೆ ಹೋಯಿತೆಂದು ಆಶ್ಚರ್ಯವಾಗಿ ಪುತು ಸುಮ್ಮನಾದ.

"ಅತ್ತಿದ್ದು ನಾನು" ಎಂದಿತು ಬಿಳಿ ಗೊರವಂಕ.

"ನೀನಾ? ಅಳೋರ ಕಣ್ಣಲ್ಲಿ ನೀರಿರುತ್ತೆ. ನಿನ್ನ ಕಣ್ಣು ಒಣಗಿದೆಯಲ್ಲ" ಎಂದಿತು ಭೂತ. "ಬೆನ್ನ ಮೇಲಿನ ಧೂಳು ಕೊಡವಿಕೊಳ್ತೀನಿ, ಆಮೇಲೆ ಮನೆಯೊಳಗೇ ನೋಡ್ತೀನಿ."

ಹಕ್ಕಿಗೆ ಅಳು ಬಂದರೂ ಕಣ್ಣೀರು ಬರುವುದಿಲ್ಲ. ಅದು ಗಾಳಿಯ ಕಡೆ ನೋಡಿತು. ಗಾಳಿ ಎದ್ದುಬಿದ್ದು ಕಡಲಿಗೆ ಓಡಿತು.

"ಅಮ್ಮಾ, ಒಂದು ಹನಿ ಕೊಡು!"

"ನನ್ನ ನೀರು ಉಪ್ಪಪ್ಪಾ, ಕಣ್ಣು ಉರಿಯುತ್ತೆ" ಎಂದಿತು ಕಡಲು.

"ಉಪ್ಪೇ ಬೇಕು, ಬೇಗ ಕೊಡು!"

ಗಾಳಿ ಹನಿ ತಂದು ಗೊರವಂಕದ ಕಣ್ಣಿಗೆ ಚಿಮುಕಿಸಿತು. ಲೋಕ ಇನ್ನೂ ಹೊಸದಲ್ಲವೇ, ಕಡಲಿಗೆ ಬಳಿದ ನೀಲಿ ಪೂರ್ತಿ ಆರಿರಲಿಲ್ಲ. ನೀರಿನ ಜೊತೆ ಬಣ್ಣವೂ ಬಂತು. ಕಣ್ಣು ಧಗಧಗ ಉರಿಯಿತು. ಹಕ್ಕಿ ಮಿಸುಕಲಿಲ್ಲ.

ಭೂತ ಧೂಳು ಕೊಡವಿಕೊಂಡು ತಿರುಗಿ ನೋಡಿತು. ನಾಲಗೆ ಚಾಚಿ ಒಂದು ಹನಿ ನೆಕ್ಕಿತು.

"ಉಪ್ಪು! ನಿಜವಾದ ಕಣ್ಣೀರೇ. ಯಾಕೆ ಅಳ್ತೀಯೋ?"

"ಒಲೆಯಲ್ಲಿ ಬೆಂಕಿಯಿಲ್ಲ, ದಾರಿಯಲ್ಲಿ ಜನರಿಲ್ಲ. ನನಗೆ ಅನ್ನ ಹಾಕೋರು ಯಾರು?"

ಭೂತ ಅತ್ತ ನೋಡಿತು, ಇತ್ತ ನೋಡಿತು. ತಣ್ಣಗಿನ ಒಲೆ, ಬರಿದಾದ ದಾರಿ.

"ಪಾಪ" ಎಂದಿತು. "ನನಗೂ ಯಾರೂ ಇಲ್ಲ ಕಣೋ." ಹಕ್ಕಿಯ ತಲೆ ಸವರಿ, ಭಾರವಾದ ಹೆಜ್ಜೆ ಹಾಕುತ್ತಾ ಕಡಲಾಚೆ ಹೊರಟುಹೋಯಿತು.

ಮರುದಿನ ಒಲೆಗಳು ಉರಿದವು. ರಸ್ಮಿನಿ ಗಿಂಡಿಯಲ್ಲಿ ಸಿಹಿನೀರು ತಂದು ಹಕ್ಕಿಯನ್ನು ಮಡಿಲಲ್ಲಿ ಕೂರಿಸಿಕೊಂಡಳು. ಅತ್ತೆಯೇ ಬಿಸಿ ಅನ್ನ ತಂದಳು.

"ನನ್ನ ಕೂಸಿಗೋಸ್ಕರ ನಿನ್ನ ಕಣ್ಣು ಉರಿದೋಯ್ತಲ್ಲೋ ನನ್ನಪ್ಪ" ಎಂದು ರಸ್ಮಿನಿ ಅತ್ತಳು. "ಬಾ, ತೊಳೀತೀನಿ."

"ಬೇಡಮ್ಮಾ, ಈ ಕಣ್ಣೀರು ಹೀಗೇ ಇರಲಿ" ಎಂದಿತು ಗೊರವಂಕ. "ಭೂತ ಮುಂದಿನ ವರ್ಷವೂ ಬರುತ್ತೆ. ಆಗಲೂ ಯಾವುದೋ ಮನೆಯಲ್ಲಿ ಒಂದು ಕೂಸು ಇರುತ್ತಲ್ವಾ?"

ಅದಕ್ಕೇ ಮಗೂ, ಬಾಲಿಯ ಬಿಳಿ ಗೊರವಂಕದ ಕಣ್ಣ ಸುತ್ತ ಇಂದಿಗೂ ಕಡಲ ನೀಲಿ ಇದೆ. ಮೌನದ ದಿನ ದೊಡ್ಡವರೆಲ್ಲ ತುಟಿ ಬಿಗಿದು ಕೂತಿದ್ದರೂ ಅಲ್ಲಿನ ಕೂಸುಗಳು ಮನಸ್ಸು ಬಂದಷ್ಟು ಅಳುತ್ತವೆ, ಯಾವ ತಾಯಿಯೂ ಬಾಯಿ ಮುಚ್ಚಿಸುವುದಿಲ್ಲ.