ಕೆಂಚಿಯ ಗೊರಸು, ನರಿಯ ಅಂಟು

ಕಲ್ಲುಗುಡ್ಡದ ಬುಡದ ಒಂದು ಕಾಡಿನಲ್ಲಿ ಕೆಂಚಿ ಎಂಬ ಕುದುರೆ ಇತ್ತು. ಅದು ಹುಟ್ಟಿ ಬೆಳೆದದ್ದೆಲ್ಲ ಕೆರೆಯಂಚಿನ ಮೆತ್ತನೆ ಹುಲ್ಲಿನಲ್ಲಿ. ಹಾಗಾಗಿ ಗೊರಸು ಸವೆಯಲೇ ಇಲ್ಲ. ಮುಂದಿನ ತುದಿ ಉದ್ದವಾಯಿತು, ಹಿಮ್ಮಡಿ ತಗ್ಗಿತು. ಪಾಪ, ಹೆಜ್ಜೆ ಹೆಜ್ಜೆಗೂ ಮುಗ್ಗರಿಸುತ್ತಿತ್ತು. ಬೇಸಿಗೆಯಲ್ಲಿ ಕೆರೆ ಬತ್ತಿದಾಗ ಎಲ್ಲರೂ ಗುಡ್ಡ ಹತ್ತಿ ಆಚೆಯ ಹೊಳೆಗೆ ಹೋಗಬೇಕು. ದಾರಿಯಲ್ಲಿ ಬಿದ್ದವರನ್ನು ಅಲ್ಲಿನ ಚಿರತೆ ಬಿಡುವುದಿಲ್ಲ. ಕೆಂಚಿಗೆ ಅದೇ ಚಿಂತೆ.

ಉದುರಿ ಬಿದ್ದ ಜಿಂಕೆ ಕೊಂಬುಗಳನ್ನು ಕಡಿದು ಕಡಿದು ಹಲ್ಲು ಪಳಗಿಸಿಕೊಂಡ ಮುದಿ ಮುಳ್ಳುಹಂದಿಯೊಂದು ಕೆಂಚಿಯ ಕಾಲನ್ನು ಪಕ್ಕದಿಂದ ನೋಡಿತು. "ಕಾಲಿನ ಓರೆ, ಗೊರಸಿನ ಓರೆ ಎರಡೂ ಒಂದೇ ಗೆರೆಗೆ ಬರಬೇಕು ಮಗು. ತುದಿಯನ್ನು ಆಗಾಗ ಚೂರುಚೂರೇ ಕಡೀತೀನಿ. ಒಂದೇ ಸಲ ಕಡಿದರೆ ಒಳಗಿನ ಮಾಂಸಕ್ಕೆ ತಗಲಿ ಕಾಲೂರೋಕೂ ಆಗಲ್ಲ" ಎಂದಿತು.

ಪೊದೆಯಲ್ಲಿದ್ದ ನರಿ ಇದನ್ನು ಕೇಳಿಸಿಕೊಂಡಿತು. ಕೆಂಚಿ ಬಿದ್ದರೆ ಚಿರತೆಗೆ ಊಟ, ಮಿಕ್ಕಿದ್ದು ತನಗೆ! ಕುದುರೆ ಬೀಳುವುದು ಖಂಡಿತ ಎಂದು ಚಿರತೆಗೆ ಮಾತು ಕೊಟ್ಟು, ಕೆಂಚಿಯ ಬಳಿ ಬಂದು ಬೆಣ್ಣೆ ಹಚ್ಚಿತು.

"ಆ ಮುದುಕನ ಹಲ್ಲು ನಂಬಿಕೊಂಡು ಎಷ್ಟು ದಿನ ಕಾಯ್ತೀಯಕ್ಕಾ? ಹಿಮ್ಮಡಿ ಕೆಳಗೆ ಮರದ ಅಂಟು ಮೆತ್ತಿದರೆ ಇವತ್ತೇ ನೆಟ್ಟಗೆ ನಿಲ್ತೀಯ."

ಕೆಂಚಿ ಆಸೆಪಟ್ಟು ಮೆತ್ತಿಸಿಕೊಂಡಿತು. ನೆಟ್ಟಗೇನೋ ನಿಂತಿತು. ನೀರಿನಲ್ಲಿ ತನ್ನ ನೆರಳು ನೋಡಿ ಹಿಗ್ಗಿತು ಕೂಡ. ಆದರೆ ಕೆರೆದಂಡೆಯಲ್ಲೇ ಬಿಸಿಲಿಗೆ ಕಾದ ಕಲ್ಲಿನ ಮೇಲೆ ಕಾಲಿಟ್ಟದ್ದೇ ತಡ, ಅಂಟು ಕರಗಿ ಕೆಂಚಿ ಮೊಣಕಾಲೂರಿ ಬಿದ್ದಿತು. ನಾಚಿಕೆಯಿಂದ ಮುಳ್ಳುಹಂದಿಯ ಮುಂದೆ ಹೋಗಿ ನಿಂತಿತು. ಅದು ಬೈಯಲಿಲ್ಲ. ಅಂಟನ್ನು ಕೆರೆದು ಹಾಕಿ ಕೆಲಸಕ್ಕೆ ಕೂತಿತು.

ಅಂದಿನಿಂದ ಅಜ್ಜನ ಹಲ್ಲು ಚೂರುಚೂರೇ ಕಡಿಯಿತು. ನಡುವೆ ಕೆಂಚಿ ಹರಳು ತುಂಬಿದ ಗರಸು ನೆಲದಲ್ಲಿ ನಡೆದು ರೂಢಿಮಾಡಿಕೊಂಡಿತು. ಹಿಮ್ಮಡಿ ನಿಧಾನವಾಗಿ ಮೇಲೆದ್ದಿತು.

ಬೇಸಿಗೆ ಬಂತು. ನರಿ ಮುಂಗಾಲ ತುಂಬ ಅಂಟು ಮೆತ್ತಿಕೊಂಡು ಹಾಜರಾಯಿತು. "ಬೇಡ ತಮ್ಮಾ, ನನ್ನ ಗೊರಸೇ ನನ್ನನ್ನ ಹೊರುತ್ತೆ" ಎಂದ ಕೆಂಚಿ ಗುಡ್ಡ ಹತ್ತಿ, ಚಿರತೆಯ ಕಣ್ಣೆದುರೇ ಮುಗ್ಗರಿಸದೆ ಓಡಿ ಹೊಳೆ ಸೇರಿತು.

ಹಸಿದ ಚಿರತೆ, ಹಿಂದೆಯೇ ಬಂದಿದ್ದ ನರಿಯತ್ತ ತಿರುಗಿತು. ನರಿ ಕಾಲಿಗೆ ಬುದ್ಧಿ ಹೇಳಿತು. ಆದರೆ ಪಾದದ ಅಂಟಿಗೆ ಹರಳುಗಳು ಹತ್ತಿಕೊಂಡು ಚುಚ್ಚತೊಡಗಿದವು. ಕೊನೆಗೆ ಅರ್ಧ ಬಾಲವನ್ನು ಚಿರತೆಯ ಬಾಯಿಗೆ ಬಿಟ್ಟು, ಕುಂಟುತ್ತ ಆ ಕಾಡನ್ನೇ ತೊರೆಯಿತು.

ಸಂಜೆ ಮುಳ್ಳುಹಂದಿಯೂ ಹೊಳೆಗೆ ಬಂತು. ಕೆಂಚಿ ಅಪ್ಪಿಕೊಳ್ಳಲು ಹೋಗಿ, ಮುಳ್ಳು ನೆನಪಾಗಿ, ಸುಮ್ಮನೆ ಕಾಲು ಚಾಚಿ ತೋರಿಸಿತು.

"ಒಂದೇ ಗೆರೆ" ಎಂದು ಮುಳ್ಳುಹಂದಿ ನಕ್ಕಿತು.

ನೀತಿ: ಓರೆಯನ್ನು ಮರೆಮಾಚಿದರೆ ಅದು ನೇರವಾಗುವುದಿಲ್ಲ, ತಾಳ್ಮೆಯಿಂದ ತಿದ್ದಿಕೊಂಡದ್ದೇ ಕಷ್ಟಕಾಲದಲ್ಲಿ ಕೈಹಿಡಿಯುತ್ತದೆ.