ಕಾಶಿಗೆ ಹೋಗುವ ಬಿಲ

ಶಿಷ್ಯ ಕೇಳಿದ: "ಗುರುಗಳೇ, ನಿನ್ನೆ ಪ್ರವಚನದ ನಡುವೆ ಜನ ಆಕಳಿಸತೊಡಗಿದರು. ಆಗ ನಾನು ಎಲ್ಲೂ ಇಲ್ಲದ ಒಂದು ಪವಾಡ ಸೇರಿಸಿ ಹೇಳಿದೆ. ಎಲ್ಲರೂ ಕಣ್ಣೊರೆಸಿಕೊಂಡು ಕೈಮುಗಿದರು. ಅವರ ಭಕ್ತಿ ಹೆಚ್ಚಿತಲ್ಲ, ಇದರಿಂದ ಯಾರಿಗೆ ಏನು ನಷ್ಟ?"

ಗುರು ತಲೆಯೆತ್ತಿ ನೋಡಿದರು. "ಬಂದದ್ದು ಒಳ್ಳೆಯದಾಯಿತು, ಕೂತುಕೋ" ಎಂದು ಕತೆ ಶುರುಮಾಡಿದರು.

ಒಬ್ಬ ಗೈಡ್ ಇದ್ದ. ಬೆಟ್ಟದೊಳಗಿನ ಒಂದು ಸುಣ್ಣಕಲ್ಲಿನ ಗುಹೆಯಲ್ಲಿ ಅವನ ಕೆಲಸ. ಟಿಕೆಟ್ ಕೊಂಡು ಬಂದವರನ್ನು ಮೂವತ್ತು ಮೂವತ್ತು ಜನರಂತೆ ಒಳಗೆ ಕರೆದುಕೊಂಡು ಹೋಗಿ ತೋರಿಸಬೇಕು. ಮೇಲಿನಿಂದ ಇಳಿಬಿದ್ದ ಕಲ್ಲು ತೋರಿಸಿ ಇದು ಶಿವನ ಜಟೆ ಎನ್ನುವನು. ನೆಲದಿಂದ ಎದ್ದ ಕಲ್ಲು ತೋರಿಸಿ ಇದು ಆನೆ ಎನ್ನುವನು. ಜನ ಹೌದು ಹೌದು ಎನ್ನುವರು. ಕೊನೆಯಲ್ಲಿ, ಗೋಡೆಯ ಬುಡದಲ್ಲಿ, ಒಬ್ಬ ಮನುಷ್ಯ ತೆವಳಿ ಹೋಗುವಷ್ಟು ಅಗಲದ ಒಂದು ಬಿಲ. ಅದರ ಮುಂದೆ ನಿಂತು, "ಇದು ಎಲ್ಲಿಗೆ ಹೋಗುತ್ತದೋ ಯಾರಿಗೂ ಗೊತ್ತಿಲ್ಲ" ಎಂದು ಹೇಳಿ ಎಲ್ಲರನ್ನೂ ಹೊರಗೆ ಕರೆತರಬೇಕು. ಹಿಂದಿನ ಗೈಡ್ ಅವನಿಗೆ ಕಲಿಸಿಕೊಟ್ಟದ್ದು ಅಷ್ಟೇ.

ಗೊತ್ತಿಲ್ಲ ಎಂದರೆ ಯಾರಯ್ಯಾ ಕೇಳುತ್ತಾರೆ? ಅಷ್ಟು ಹೊತ್ತಿಗೆ ಜನರಿಗೆ ಸೆಕೆ, ಕಾಲುನೋವು. ಒಂದು ದಿನ ಅವನ ಬಾಯಿಂದ ಬಂದೇಬಿಟ್ಟಿತು: "ಇದು ನೇರ ಕಾಶಿಗೆ ಹೋಗುತ್ತದೆ." ಎಲುಬಿಲ್ಲದ ನಾಲಿಗೆ, ಹೊರಳಿತು. ಆಹಾ, ಆಗ ಜನರ ಮುಖ ನೋಡಬೇಕಿತ್ತು! ಹೆಂಗಸರು ಬಿಲದ ಬಾಯಿಗೆ ಕುಂಕುಮ ಹಚ್ಚಿದರು. ಗಂಡಸರು ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡರು. ಅವನಿಗೆ ರುಚಿ ಹತ್ತಿತು. ಮರುದಿನ ಕತೆಯೊಳಗೆ ಋಷಿಗಳನ್ನು ತಂದ. ಅವರು ದಿನಾ ಇದರಲ್ಲೇ ಹೋಗಿ, ಗಂಗೆಯಲ್ಲಿ ಮಿಂದು, ಪೂಜೆಯ ಹೊತ್ತಿಗೆ ಮರಳುತ್ತಿದ್ದರಂತೆ. ಆಮೇಲೆ ನಿಂಬೆಹಣ್ಣು ತಂದ; ಇಲ್ಲಿ ಉರುಳಿಸಿದ್ದು ಅಲ್ಲಿ ಕಾಶಿಯಲ್ಲಿ ತೇಲಿತಂತೆ. ಹೀಗೆ ಹನ್ನೆರಡು ವರ್ಷ ನೀರು ಕುಡಿದಷ್ಟು ಸಲೀಸಾಗಿ ಹೇಳಿದ. ಒಂದು ದಿನವಾದರೂ ಆ ಬಿಲದೊಳಗೆ ತಲೆ ಹಾಕಿ ನೋಡಿದವನಲ್ಲ.

ಒಮ್ಮೆ ಒಬ್ಬ ಮುದಿ ದರ್ಜಿ ಬಂದ. ಎದೆಗೆ ಒಂದು ಬಟ್ಟೆಯ ಗಂಟು ಅವುಚಿಕೊಂಡಿದ್ದ. ಬಿಲದ ಮುಂದೆ ನಿಂತು ಕೇಳಿದ: "ಕಾಶಿಗೆ ಹೋಗೋದು ಇದೇನಾ, ಸ್ವಾಮಿ? ನಮ್ಮೂರಿಂದ ಬಂದುಹೋದವರು ಹೇಳಿದ್ರು."

"ಇದೇ ಯಜಮಾನ್ರೇ, ಸಂಶಯವೇ ಬೇಡ" ಎಂದ ಗೈಡ್. ಅವನ ಕಣ್ಣು ಕೈಗಡಿಯಾರದ ಮೇಲಿತ್ತು. ಹೊರಗೆ ಮುಂದಿನ ಮೂವತ್ತು ಜನ ಕಾಯುತ್ತಿದ್ದರು.

ಎಲ್ಲರೂ ತಿರುಗಿ ಹೊರಟರು. ಬಾಗಿಲಲ್ಲಿ ಅವನು ತಲೆ ಎಣಿಸಿದ. ಇಪ್ಪತ್ತೊಂಬತ್ತು. ಮತ್ತೆ ಎಣಿಸಿದ. ಇಪ್ಪತ್ತೊಂಬತ್ತೇ. ಅವನು ಒಳಗೆ ಓಡಿದ, ಜನವೂ ಅವನ ಹಿಂದೆಯೇ ಓಡಿಬಂತು. ಬಿಲದ ಮುಂದೆ ಒಂದು ಜೊತೆ ಚಪ್ಪಲಿ ಇತ್ತು. ಮುದುಕ ಅದನ್ನು ದೇವಸ್ಥಾನದ ಹೊರಗೆ ಬಿಡುವಂತೆ ಒಪ್ಪವಾಗಿ ಬಿಟ್ಟಿದ್ದ.

ಅಯ್ಯೋ, ನಂಬಿಬಿಟ್ಟನಲ್ಲ! ಹನ್ನೆರಡು ವರ್ಷ ಜನ ಕೈಮುಗಿದಾಗಲೂ ಅವರು ನಂಬಿದ್ದಾರೆಂದು ಗೈಡ್‌ಗೆ ಹೊಳೆದಿರಲಿಲ್ಲ. ಜನ ಎಲ್ಲಕ್ಕೂ ಮುಗಿಯುತ್ತಾರೆ, ಇದಕ್ಕೂ ಮುಗಿಯುತ್ತಾರೆ ಎಂದುಕೊಂಡಿದ್ದ. ನೆಲಕ್ಕೆ ಬಿದ್ದು, ಬಿಲಕ್ಕೆ ಬಾಯಿಟ್ಟು ಕೂಗಿದ: "ಯಜಮಾನ್ರೇ, ವಾಪಸ್ ಬನ್ನಿ! ಒಳಗೆ ದಾರಿ ಇಲ್ಲ. ನಾನು ಹೇಳಿದ್ದು ಸುಳ್ಳು!"

ಒಳಗಿನಿಂದ ಏದುಸಿರಿನ ದನಿ ಬಂತು: "ಮುದುಕ ಸುಸ್ತಾಗ್ತಾನೆ ಅಂತ ಹಾಗೆ ಹೇಳ್ತಿದ್ದೀರಿ. ಅಷ್ಟು ಜನರ ಮುಂದೆ ನಿಮ್ಮಂಥೋರು ಸುಳ್ಳು ಹೇಳ್ತೀರಾ? ಹೆಂಡತಿ ಅಸ್ಥೀನ ಒಂಬತ್ತು ತಿಂಗಳಿಂದ ಹಿತ್ತಲ ಮರಕ್ಕೆ ಕಟ್ಟಿಟ್ಟಿದ್ದೆ ಸ್ವಾಮಿ. ಭಾಷೆ ಬರದೋನು, ರೈಲಲ್ಲಿ ಒಬ್ಬನೇ ಹೋಗೋಕೆ ಧೈರ್ಯ ಇರಲಿಲ್ಲ. ನೀವು ದಾರಿ ತೋರಿಸಿದ್ರಿ. ನಿಮ್ಮ ಹೊಟ್ಟೆ ತಣ್ಣಗಿರಲಿ."

"ಮಕ್ಕಳಾಣೆಗೂ ಸುಳ್ಳು!" ಎಂದು ಗೈಡ್ ಅರಚಿದ.

ಹಿಂದೆ ನಿಂತಿದ್ದ ಹೆಂಗಸೊಬ್ಬಳು ಅವನ ಭುಜ ಹಿಡಿದೆಳೆದಳು: "ಬಿಡ್ತು ಅನ್ರೀ! ಹೊರಟವರನ್ನ ಹಿಂದಿನಿಂದ ಕೂಗಬಾರದು ಅಂತ ಗೊತ್ತಿಲ್ವಾ?"

ಅವನು ತಿರುಗಿ ನೋಡಿದ. ಇಪ್ಪತ್ತೊಂಬತ್ತು ಜನವೂ ಬಿಲಕ್ಕೆ ಕೈಮುಗಿದು ನಿಂತಿದ್ದರು.

ನೋಡಯ್ಯಾ, ಸುಳ್ಳಾಡಿದಾಗ ಮೂವತ್ತು ಜನ ನಂಬಿದರು, ನಿಜ ಹೇಳಿದಾಗ ಒಬ್ಬನಾದರೂ ಬೇಡವೇ? ಇನ್ನು ಬಾಯಿಗೆ ಅಲ್ಲಿ ಕೆಲಸವಿರಲಿಲ್ಲ. ಅವನು ಟಾರ್ಚನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಬಿಲದೊಳಗೆ ನುಗ್ಗಿದ. ಮೊಣಕೈ ಸುಲಿಯಿತು, ಬೆನ್ನು ತರಚಿತು. ಹತ್ತು ಮಾರು ತೆವಳುವಷ್ಟರಲ್ಲಿ ಮುದುಕನ ಎರಡು ಪಾದ ಕಂಡವು. ಅದರಾಚೆ ಟಾರ್ಚಿನ ಬೆಳಕು ಬಿದ್ದಲ್ಲಿ ನೆಲವೇ ಇಲ್ಲ! ಬರೀ ಪಾತಾಳ. ಮುದುಕನ ಒಂದು ಕೈ ಆಗಲೇ ಅದರ ಅಂಚು ದಾಟಿ ಗಾಳಿಯಲ್ಲಿ ತಡಕಾಡುತ್ತಿತ್ತು. ಗೈಡ್ ಎರಡೂ ಪಾದ ಹಿಡಿದು ಜಗ್ಗಿದ. ಮುದುಕ ಬೇಡ ಬೇಡ ಎಂದು ಗೋಗರೆಯುತ್ತಿದ್ದರೂ ಬಿಡದೆ ಹೊರಗೆಳೆದು ತಂದ.

ಜೀವವೇನೋ ಉಳಿಯಿತು. ಆದರೆ ಆ ಎಳೆದಾಟದಲ್ಲಿ ಗಂಟಿನೊಳಗಿನ ಕುಡಿಕೆ ಬಿಲದ ಬಾಯಿಗೆ ಬಡಿದು ಒಡೆದುಹೋಯಿತು. ಬೂದಿ, ಮೂಳೆಯ ಚೂರು, ಎಲ್ಲ ಗುಹೆಯ ನೆಲಕ್ಕೆ ಚೆಲ್ಲಿತು. ಆ ನೆಲವೋ, ಸುಣ್ಣಕಲ್ಲಿನ ಪುಡಿ. ಅದೂ ಬಿಳಿ, ಇದೂ ಬಿಳಿ.

ಮುದುಕ ಕುಕ್ಕರಗಾಲಲ್ಲಿ ಕೂತು ಎರಡೂ ಕೈಯಲ್ಲಿ ಬಾಚಿ ಬಾಚಿ ಪಂಚೆಯ ಮಡಿಲಿಗೆ ತುಂಬಿಕೊಂಡ. ಬಾಚುತ್ತಿದ್ದ ಕೈ ಇದ್ದಕ್ಕಿದ್ದಂತೆ ನಿಂತಿತು. ಒಂದು ಚೂರನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದ. ಅದನ್ನು ಇಟ್ಟು ಇನ್ನೊಂದನ್ನು ನೋಡಿದ. ಕೊನೆಗೆ ಎದ್ದು ಬಂದು ಗೈಡ್‌ನ ಮುಂದೆ ಮಡಿಲೊಡ್ಡಿ ನಿಂತ.

"ಸ್ವಾಮಿ, ಇಲ್ಲಿನ ಕಲ್ಲೆಲ್ಲ ನಿಮಗೆ ಗೊತ್ತು. ಇದರಲ್ಲಿ ಕಲ್ಲು ಯಾವುದು, ನನ್ನ ಹೆಂಡತಿ ಯಾವುದು, ಆರಿಸಿಕೊಡಿ" ಎಂದ.

ಗುರು ಅಲ್ಲಿಗೆ ಮಾತು ನಿಲ್ಲಿಸಿದರು. ಶಿಷ್ಯ, "ಆಗ ಆ ಗೈಡ್ ಏನು ಹೇಳಿದ, ಗುರುಗಳೇ?" ಎಂದು ಕೇಳಿದ.

"ಅವನನ್ನು ಬಿಡು, ಆ ಮುದುಕ ಈಗ ಮಡಿಲೊಡ್ಡಿ ನಿಂತಿರುವುದು ನಿನ್ನ ಮುಂದೆ, ನೀನು ಹೇಳು."